ಕೊಟೊನುವಿನ ವಸತಿಗೃಹದಲ್ಲಿ ಎಂಟು ದಿನ

ನಾವು ಕೊಟೊನುವಿಗೆ ಹೊರಟಿದ್ದೇವೆ ಎಂದಾಗ ಮಾಟುಂಗದ ಸ್ನೇಹಿತರೊಬ್ಬರು "ಅದು ಕೊಡಗಿನ ಕಡೆ ಬರುತ್ತದೆಯೆ?" ಎಂದು ಕೇಳಿದರು. ನಗುವಂತಿಲ್ಲ, ಐದಾರು ವರ್ಷಗಳ ಹಿಂದೆ ನಮಗೂ ಆ ಹೆಸರು ಗೊತ್ತಿರಲಿಲ್ಲ. ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ, ನೈಜೀರಿಯಾಕ್ಕೂ ಟೋಗೋಗೂ ನಡುವೆ ಕಿರಿದಾದ ಪಟ್ಟಿಯಂತೆ ಉತ್ತರಕ್ಕೆ ಚಾಚಿಕೊಂಡಿರುವ ದೇಶ ಬೆನಿನ್. ಅದರ ಬಂದರು ಕೊಟೊನು. ನಮ್ಮ ತಂದೆಯವರ ಶಾಲೆಯ ಭೂಪಟದಲ್ಲಿ ಈ ದೇಶಕ್ಕೆ ಡಹೋಮಿ ಎಂದು ಹೆಸರು. 1960ರಲ್ಲಿ ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿ, 1975ರಲ್ಲಿ ಹೆಸರು ಬದಲಿಸಿಕೊಂಡಿತು. ಕಾಗದದ ಮೇಲೆ ರಾಜಧಾನಿ ಪೋರ್ಟೋ ನೋವೊ. ಸರ್ಕಾರ ಕುಳಿತಿರುವುದು ಮಾತ್ರ ಕೊಟೊನುವಿನಲ್ಲಿ. ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಇದೇನೂ ವಿಚಿತ್ರವೆನಿಸಲಿಲ್ಲ.

ಹೋಗಬೇಕಾಗಿ ಬಂದದ್ದು ಗೇರುಬೀಜದ ದೆಸೆಯಿಂದ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೆಳೆ ಸಾಲದು. ಆಫ್ರಿಕದಿಂದ ಹಸಿ ಬೀಜ ತರಿಸುತ್ತಾರೆ. ನಮ್ಮ ಮನೆಯಾಕೆಯ ತಮ್ಮ, ಪುತ್ತೂರಿನ ಹುಡುಗ, ಬೆನಿನ್ನಿನ ಉತ್ತರ ಭಾಗದ ಪರಾಕು ಎಂಬ ಊರಿನಲ್ಲಿ ಹೀಗೆ ಬೀಜ ಕೊಳ್ಳುವವರ ಹತ್ತಿರ ಕೆಲಸಕ್ಕಿದ್ದ. ಮೂಟೆಯಿಂದ ಹಿಡಿ ಬೀಜ ತೆಗೆದು, ಕತ್ತರಿಸಿ, ತಿರುಳು ತೂಗಿ, 80 ಕಿಲೋ ಮೂಟೆಗೆ ಎಷ್ಟು ಪೌಂಡು ತಿರುಳು ಸಿಕ್ಕೀತೆಂದು ಹೇಳುವುದು ಅವನ ವಿದ್ಯೆ. ಹೋಗಿ ಐದು ವರ್ಷವಾಗಿತ್ತು. ಎರಡು ಸಲ ಬರುತ್ತೇನೆಂದವನು ಎರಡು ಸಲವೂ ಬಂದಿರಲಿಲ್ಲ. ಇಷ್ಟರಲ್ಲಿ, 2024ರ ಏಪ್ರಿಲ್ 1ರಿಂದ ಹಸಿ ಗೇರುಬೀಜವನ್ನು ಹೊರದೇಶಕ್ಕೆ ಕಳಿಸಕೂಡದೆಂದು ಅಲ್ಲಿಯ ಸರ್ಕಾರ ಗೊತ್ತುಮಾಡಿತು. ಬೀಜ ಒಡೆದು ತಿರುಳು ತೆಗೆಯುವ ಕೂಲಿ ತಮ್ಮ ಜನಕ್ಕೇ ಸಿಗಲಿ ಎಂದು. ನ್ಯಾಯವಾದ ಮಾತೇ. ಆದರೆ ಮೈದುನನ ಕೆಲಸ ಹೋಯಿತು. "ಇನ್ನೇನು ನೆಪ ಅವನಿಗೆ? ನೀವೇ ಹೋಗಿ ಕರೆದುಕೊಂಡು ಬನ್ನಿ" ಎಂದು ಅತ್ತೆಯವರು ಒಂದು ಡಬ್ಬಿ ಮಿಡಿ ಉಪ್ಪಿನಕಾಯಿಯನ್ನು ನಮ್ಮ ಕೈಗೆ ಕೊಟ್ಟರು.

ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಹಳದಿ ಪುಸ್ತಕ ಜೇಬಿನಲ್ಲಿಟ್ಟುಕೊಂಡು, 2024ರ ಮಾರ್ಚ್ ನಡುವಿನಲ್ಲಿ ಒಂದು ರಾತ್ರಿ ಕೊಟೊನುವಿನಲ್ಲಿ ಇಳಿದೆವು. ಮೈದುನ ಬಂದಿರಲಿಲ್ಲ. ಫೋನಿನಲ್ಲಿ ಸಿಕ್ಕಿದ. "ಭಾವ, ಇಲ್ಲಿ ಲೆಕ್ಕ ಮುಗಿಯಲಿಲ್ಲ. ಮೂರು ದಿನ ತಡೆಯಿರಿ. ರೂಮು ಹೇಳಿಟ್ಟಿದ್ದೇನೆ. ಅಗ್ಗದ್ದು, ಆದರೆ ಮರ್ಯಾದೆಯ ಜಾಗ."

ಜಾಗ ಮರ್ಯಾದೆಯದೇ. ದಾಂತೊಕ್ಪ ಮಾರುಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಡಾಮರು ಕಾಣದ ಮರಳಿನ ಓಣಿಯೊಂದರಲ್ಲಿ ಎರಡು ಅಂತಸ್ತಿನ ಮನೆ. ಆ ದೇಶದ ವಸತಿಗೃಹಗಳಲ್ಲಿ ಎರಡೇ ಜಾತಿ: ಪಂಕದ ಕೋಣೆ, ತಂಪುಯಂತ್ರದ ಕೋಣೆ. ದರ ಕೇಳುವ ಮೊದಲು ಯಾವ ಜಾತಿ ಎಂದು ಕೇಳುತ್ತಾರೆ. ನಾವು ಪಂಕದವರು. ದಿನಕ್ಕೆ 10,000 ಫ್ರಾಂಕು ಎಂದಾಗ ಎದೆ ಧಸಕ್ಕೆಂದಿತು. ಲೆಕ್ಕ ಹಾಕಿದರೆ ಸುಮಾರು 1,400 ರೂಪಾಯಿ. ಒಂದು ಮಂಚ, ಸೊಳ್ಳೆಪರದೆ, ಪ್ಲಾಸ್ಟಿಕ್ಕಿನ ಒಂದು ಕುರ್ಚಿ, ನಲ್ಲಿಯ ಕೆಳಗೆ ಒಂದು ಬಕೆಟು. ಕಿಟಕಿ ತೆರೆದರೆ ಸೆಖೆಯೂ ಗದ್ದಲವೂ ಒಟ್ಟಿಗೇ ಒಳಗೆ ಬರುತ್ತಿದ್ದವು. ಮುಚ್ಚಿದರೆ ಸೆಖೆ ಮಾತ್ರ ಉಳಿಯುತ್ತಿತ್ತು. ಮಾರ್ಚಿನ ಕೊಟೊನು ಎಂದರೆ ಮಂಗಳೂರಿನ ಮೇ ತಿಂಗಳು ಎಂದುಕೊಳ್ಳಿ.

ಒಡತಿಯನ್ನು ಎಲ್ಲರೂ 'ಮಾಮಾ' ಎಂದು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಅರವತ್ತರ ಸುಮಾರಿನ ದೊಡ್ಡ ಮೈಯ ಹೆಂಗಸು. ಮೇಲಿಂದ ಕೆಳಗಿನವರೆಗೆ ಒಂದೇ ಅಚ್ಚಿನ ಬಣ್ಣಬಣ್ಣದ ಬಟ್ಟೆ, ತಲೆಗೂ ಅದೇ. ಮೊದಲ ರಾತ್ರಿ "ಕ್ವಾಬೊ" ಎಂದಳು. ಫಾನ್ ಭಾಷೆಯಲ್ಲಿ ಬನ್ನಿ, ಸ್ವಾಗತ ಎಂದು ಅರ್ಥ. ಆಮೇಲಿನ ಮಾತೆಲ್ಲ ಫ್ರೆಂಚು. ನಮ್ಮ ಬಿ.ಎ. ಇಂಗ್ಲಿಷು ಅಲ್ಲಿ ಮೂರು ಕಾಸು ಬಾಳಲಿಲ್ಲ. ಪುಣ್ಯಕ್ಕೆ ಎದುರು ಕೋಣೆಯಲ್ಲಿ ಲಾಗೋಸಿನ ಬಟ್ಟೆ ವ್ಯಾಪಾರಿಯೊಬ್ಬರಿದ್ದರು. ಲಾಗೋಸು ಅಲ್ಲಿಂದ ನೂರಿಪ್ಪತ್ತು ಕಿಲೋಮೀಟರು. ಅವರ ದೇಶದಲ್ಲಿ ಇಂಗ್ಲಿಷು ನಡೆಯುತ್ತದೆ. ನಾವು ಹೇಳಿದ್ದನ್ನು ಅವರು ಮಾಮಾನಿಗೆ ಹೇಳುವರು, ಮಾಮಾ ಹೇಳಿದ್ದನ್ನು ನಮಗೆ ಹೇಳುವರು. ಮಧ್ಯೆ ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರೆಂದು ನಮ್ಮ ಗುಮಾನಿ.

ಬೆಳಿಗ್ಗೆ ಎದ್ದು ಬೀದಿಗೆ ಬಂದರೆ ಮೋಟಾರ್ ಸೈಕಲ್ಲುಗಳ ಪ್ರವಾಹ. ಹಳದಿ ಅಂಗಿ ತೊಟ್ಟವರೆಲ್ಲ ಬಾಡಿಗೆಯವರು. ಅವಕ್ಕೆ 'ಜೆಮಿಜಾನ್' ಎಂದು ಹೆಸರು, 'ಬೇಗ ಕರೆದುಕೊಂಡು ಹೋಗು' ಎಂದು ಅರ್ಥವಂತೆ. ಸೀರೆಯುಟ್ಟ ಮನೆಯಾಕೆ ಒಂದರ ಮೇಲೆ, ನಾವು ಇನ್ನೊಂದರ ಮೇಲೆ. ಓಣಿಯ ಹುಡುಗರು "ಯೋವೊ, ಯೋವೊ" ಎಂದು ಕೂಗುತ್ತ ಹಿಂದೆ ಓಡಿದರು. ಯೋವೊ ಎಂದರೆ ಬಿಳಿಯ ಎಂದು ಲಾಗೋಸಿನವರು ಹೇಳಿದರು. ಮೂವತ್ತೇಳು ವರ್ಷ ಬದುಕಿದ್ದಕ್ಕೆ ನಮ್ಮನ್ನು ಬಿಳಿಯರೆಂದು ಕರೆದವರು ಆ ಮಕ್ಕಳೊಬ್ಬರೇ. ರಸ್ತೆಯ ಪಕ್ಕದ ಮೇಜುಗಳ ಮೇಲೆ ದೊಡ್ಡ ದೊಡ್ಡ ಗಾಜಿನ ಬುರುಡೆಗಳಲ್ಲಿ ಚಿನ್ನದ ಬಣ್ಣದ ದ್ರವ ಹೊಳೆಯುತ್ತಿತ್ತು. ಅಡಿಗೆ ಎಣ್ಣೆ ಇರಬೇಕೆಂದು ಮನೆಯಾಕೆ ದರ ಕೇಳಲು ಹೊರಟಿದ್ದಳು. ಅದು ನೈಜೀರಿಯಾದಿಂದ ಗಡಿ ದಾಟಿ ಕದ್ದು ಬರುವ ಪೆಟ್ರೋಲು.

ದಾಂತೊಕ್ಪದ ವಿಚಾರ ಬರೆಯುತ್ತ ಹೋದರೆ ಈ ಸಂಚಿಕೆ ಸಾಲದು. ಪಟ್ಟಣವನ್ನು ಎರಡಾಗಿ ಸೀಳಿರುವ ನೀರಿನ ದಂಡೆಯ ಮೇಲೆ ಹರಡಿಕೊಂಡ ಪೇಟೆ. ಒಂದು ಕಡೆ ನೊಕುವೆ ಸರೋವರ, ಇನ್ನೊಂದು ಕಡೆ ಕಡಲು. ಎರಡನ್ನೂ ಕೂಡಿಸಲು ಫ್ರೆಂಚರು 1885ರಲ್ಲಿ ಕಡಿಸಿದ ಕಾಲುವೆ ಅದು. ಮಾರುವವರಲ್ಲಿ ಹೆಚ್ಚಿನವರು ಹೆಂಗಸರು. ಬಟ್ಟೆ, ಒಣಮೀನು, ಮೆಣಸಿನಕಾಯಿ, ಪಿಂಗಾಣಿ. ಅಕ್ಕಿಯ ಚೀಲಗಳ ಮೇಲೆ ನಮ್ಮ ದೇಶದ ಹೆಸರು ಕಂಡಾಗ ಸುಮ್ಮನೆ ನಿಂತು ಓದಿಕೊಂಡೆವು. ದಾಂತೊಕ್ಪ ಎಂದರೆ 'ದಾನ್' ಎಂಬ ಸರ್ಪದೇವತೆಯ ನೀರಿನ ದಂಡೆ ಎಂದು ಅರ್ಥ. ಇದು ತಿಳಿದ ಮೇಲೆ ಮನೆಯಾಕೆಗೆ ಆ ಪೇಟೆಯ ಮೇಲೆ ಒಂದು ಬಗೆಯ ಅಭಿಮಾನವೇ ಬಂದಿತು. ನಲವತ್ತು ಕಿಲೋಮೀಟರು ದೂರದ ವಿದಾ ಎಂಬ ಊರಿನಲ್ಲಿ ಹೆಬ್ಬಾವುಗಳ ಗುಡಿಯೇ ಇದೆ, ದೊಡ್ಡ ಇಗರ್ಜಿಯ ಎದುರಿಗೇ. ಒಂದು ಮಧ್ಯಾಹ್ನ ಅಲ್ಲಿಗೂ ಹೋಗಿಬಂದೆವು. ನಾಗಬನದ ಊರಿನ ಹೆಣ್ಣುಮಗಳು ಅಲ್ಲಿ ಕೈ ಮುಗಿಯದೆ ಇದ್ದಾಳೆಯೆ? ಅದೇ ಊರಿನಿಂದ ಕಡಲಿಗೆ ಹೋಗುವ ನಾಲ್ಕು ಕಿಲೋಮೀಟರು ದಾರಿಯಲ್ಲಿ ಹಿಂದೆ ಗುಲಾಮರನ್ನು ನಡೆಸಿಕೊಂಡು ಹೋಗಿ ಹಡಗು ಹತ್ತಿಸುತ್ತಿದ್ದರು. ಆ ದಂಡೆಯಲ್ಲಿ 1995ರಲ್ಲಿ ಒಂದು ದ್ವಾರ ಕಟ್ಟಿ, ಅದಕ್ಕೆ ಹಿಂದಿರುಗದ ಬಾಗಿಲು ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಕೇಳಿ ಮನೆಯಾಕೆ "ಅಲ್ಲಿಗೆ ಬೇಡ" ಎಂದಳು. ನಾವು ಒತ್ತಾಯ ಮಾಡಲಿಲ್ಲ.

ಊಟದ ಮಾತು. ನಾವಿಬ್ಬರೂ ಮೀನು ಮಾಂಸ ತಿನ್ನುವವರಲ್ಲ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಲ್ಲಿ ಎಲ್ಲೆಲ್ಲೂ ಇದೆ, ಆದರೆ ಅದರ ಜೊತೆಯ ಸಾರಿನಲ್ಲಿ ಮೀನು ತಪ್ಪದು. ಓಣಿಯ ತುದಿಯಲ್ಲಿ ಒಬ್ಬಾಕೆ ಬೆಳಗಾಗುತ್ತಲೇ ಅಲಸಂದೆ ಕಾಳಿನ ವಡೆ ಕರಿಯುತ್ತಿದ್ದಳು, 'ಆತಾ' ಎನ್ನುತ್ತಾರೆ. ಚಟ್ನಿ ಒಂದಿಲ್ಲ ಎನ್ನುವುದು ಬಿಟ್ಟರೆ ನಮ್ಮದೇ. ಇನ್ನೊಂದು, ಫುಲಾನಿ ದನಗಾಹಿಗಳ ಹೆಂಗಸರು ಮಾಡುವ 'ವಾಗಾಶಿ', ಹಾಲಿನ ಗಿಣ್ಣು. ಎಕ್ಕದ ಜಾತಿಯ ಗಿಡದ ರಸ ಹಾಕಿ ಹಾಲು ಒಡೆಸುತ್ತಾರೆಂದು ತಿಳಿದಾಗ ನಾವು ತಟ್ಟೆ ದೂರ ಸರಿಸಿದೆವು. ಮಾಮಾ ತಾನು ಒಂದು ತುಂಡು ಬಾಯಿಗೆ ಹಾಕಿಕೊಂಡು ತೋರಿಸಿದಳು. ಕರಿದ ವಾಗಾಶಿ, ಅತ್ತೆಯವರ ಉಪ್ಪಿನಕಾಯಿ. ಎಂಟು ದಿನ ನಡೆಯಿತು. ಮೈದುನನ ಪಾಲಿನ ಡಬ್ಬಿ ಅರ್ಧ ಖಾಲಿಯಾದದ್ದು ಹೀಗೆ.

ಮೂರು ದಿನ ನಾಲ್ಕಾಯಿತು, ಐದಾಯಿತು. ಮೈದುನ ಇಲ್ಲ. ನಾಲ್ಕನೆಯ ದಿನ ನಮ್ಮ ಬ್ಯಾಂಕಿನ ಕಾರ್ಡು ಯಂತ್ರದಲ್ಲಿ ನಡೆಯದೆ ಹೋಯಿತು. ಹೊರದೇಶದಲ್ಲಿ ಬಳಸುತ್ತೇವೆಂದು ಮೊದಲೇ ತೆರೆಸಿಕೊಳ್ಳಬೇಕಾಗಿತ್ತು, ಮರೆತಿದ್ದೆವು. ಈಗ ತೆರೆಸೋಣವೆಂದರೆ ಅದರ ಗುಪ್ತಸಂಖ್ಯೆ ಬರುವುದು ಮುಂಬಯಿಯ ಫೋನು ನಂಬರಿಗೆ, ಆ ನಂಬರು ಅಲ್ಲಿ ಸತ್ತು ಬಿದ್ದಿತ್ತು. ಇಪ್ಪತ್ತು ವರ್ಷದಿಂದ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿದವರ ಮಗನೂ ಸ್ವತಃ ಗುಮಾಸ್ತನೂ ಆದ ನಾವು ನಮ್ಮ ಅರ್ಜಿಯನ್ನೇ ತುಂಬಿರಲಿಲ್ಲ. ಕೈಯಲ್ಲಿ ಉಳಿದದ್ದು 6,000 ಫ್ರಾಂಕು.

ಲಾಗೋಸಿನವರನ್ನು ಕರೆದುಕೊಂಡು ಮಾಮಾನ ಮೇಜಿನ ಮುಂದೆ ನಿಂತೆವು. ಆಕೆ ಪೂರ್ತಿ ಕೇಳಲಿಲ್ಲ. "ಸಾ ವಾ ಅಲೇ" ಎಂದಳು. ಎಲ್ಲ ಸರಿಹೋಗುತ್ತದೆ ಎಂದು ಅದರ ಅರ್ಥ. ವಿದ್ಯುತ್ತು ಹೋದರೆ ಸಾ ವಾ ಅಲೇ, ಮಳೆ ಬಂದು ಓಣಿ ಕೆರೆಯಾದರೆ ಸಾ ವಾ ಅಲೇ. ಮೇಜಿನ ಕೆಳಗಿನಿಂದ ಉದ್ದನೆಯ ಒಂದು ನೋಟುಬುಕ್ಕು ತೆಗೆದು, ಗೆರೆ ಎಳೆದು, ನಮ್ಮ ಕೋಣೆಯ ಸಂಖ್ಯೆ ಬರೆದಳು. ಅಷ್ಟೆ. ಪಾಸ್‌ಪೋರ್ಟು ಕೇಳಲಿಲ್ಲ, ಮನೆಯಾಕೆಯ ಬಳೆಯ ಕಡೆ ನೋಡಲೂ ಇಲ್ಲ. ನಮ್ಮ ತಂದೆಯವರು ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಓಡಿಬಂದು ಕೋಟೆಯ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು. ಅಲ್ಲಿಯ ಗಲ್ಲೆಯಲ್ಲಿಯೂ ಇಂಥದೊಂದು ಪುಸ್ತಕ ಇತ್ತೆಂದು, ಅದರಲ್ಲಿ ತಮ್ಮ ಹೆಸರು ಎರಡು ವರ್ಷ ಇತ್ತೆಂದು ಹೇಳುತ್ತಿದ್ದರು.

ಅದೇ ಪುಟದಲ್ಲಿ ನಮ್ಮ ಮೇಲಿನ ಗೆರೆ ತುಂಬ ಉದ್ದವಿತ್ತು. ಅದು ಕೆಳಗಿನ ಕೋಣೆಯ ಮುದುಕರದು, ನೈಜರ್ ದೇಶದವರದು. ನೈಜರಿಗೆ ಕಡಲಿಲ್ಲ; ಅದರ ಸರಕು ಬಹುಮಟ್ಟಿಗೆ ಕೊಟೊನುವಿನಲ್ಲಿ ಇಳಿದು ಲಾರಿಯಲ್ಲಿ ಉತ್ತರಕ್ಕೆ ಹೋಗುತ್ತಿತ್ತು. 2023ರ ಜುಲೈಯಲ್ಲಿ ಅಲ್ಲಿಯ ಸೈನ್ಯ ಅಧಿಕಾರ ಹಿಡಿಯಿತು, ನೆರೆಯ ದೇಶಗಳು ನಿರ್ಬಂಧ ಹಾಕಿದವು, ಗಡಿ ಮುಚ್ಚಿತು. 2024ರ ಫೆಬ್ರವರಿಯಲ್ಲಿ ನಿರ್ಬಂಧ ತೆಗೆದರೂ ನೈಜರಿನವರು ತಮ್ಮ ಕಡೆಯ ಬಾಗಿಲು ತೆರೆದಿರಲಿಲ್ಲ. ಮುದುಕರ ಸರಕು ಬಂದರಿನಲ್ಲಿ, ಅವರು ಮಾಮಾನ ಮನೆಯಲ್ಲಿ, ಏಳು ತಿಂಗಳು. ರಂಜಾನ್ ಉಪವಾಸದ ಕಾಲ. ಸಂಜೆ ಬಾಂಗು ಕೇಳಿದೊಡನೆ ಮೆಟ್ಟಿಲ ಮೇಲೆ ಕುಳಿತು ಖರ್ಜೂರದ ಪೊಟ್ಟಣ ಬಿಚ್ಚಿ, ಮೊದಲು ನಮ್ಮ ಕೈಗೆ ಎರಡೆರಡು ಹಾಕಿ ಆಮೇಲೆ ತಾವು ತಿನ್ನುತ್ತಿದ್ದರು. ದಿನವೆಲ್ಲ ಹಸಿದವರು ಅವರು, ತಿಂದು ಕುಳಿತವರು ನಾವು. ಭಾಷೆಯಿಲ್ಲದೆ ಮಾತಾಡುವುದು ಅಂಥ ಕಷ್ಟವಲ್ಲ. ಅವರು ಬಂದರಿನ ಕಡೆ ಕೈ ತೋರಿಸುವರು, ನಾವು ಉತ್ತರದ ಕಡೆ ಕೈ ತೋರಿಸುವೆವು. ಎಲ್ಲರೂ ಕಾಯುತ್ತಿದ್ದವರೇ.

ಆರನೆಯ ದಿನ ಬೆಳಿಗ್ಗೆ, ರಾತ್ರಿಯ ಬಸ್ಸಿನಲ್ಲಿ ಮೈದುನ ಬಂದ. ಕರಿದಾಗಿದ್ದ, ತೆಳ್ಳಗಾಗಿದ್ದ, ಮಾಮಾನೊಡನೆ ಫ್ರೆಂಚಿನಲ್ಲಿ ನಗುತ್ತ ಮಾತಾಡಿದ. ಅವನು ಹಾಗೆ ನಕ್ಕದ್ದನ್ನು ನೋಡಿಯೇ ಮನೆಯಾಕೆಗೆ ಉತ್ತರ ತಿಳಿಯಿತೆಂದು ಕಾಣುತ್ತದೆ.

"ಬರ್ತೇನೆ ಅಕ್ಕ, ಆದರೆ ಈಗ ಅಲ್ಲ" ಎಂದ. ಕೊಟೊನುವಿನಿಂದ ನಲವತ್ತೈದು ಕಿಲೋಮೀಟರು ದೂರದ ಗ್ಲೋ ಜಿಗ್ಬೆಯಲ್ಲಿ ಸರ್ಕಾರ ಹೊಸ ಕೈಗಾರಿಕಾ ವಲಯ ಮಾಡಿದೆ. ಅಲ್ಲಿ ಗೇರುಬೀಜ ಒಡೆಯುವ ಕಾರ್ಖಾನೆಯವರು ಇವನನ್ನು ಕರೆದಿದ್ದರು. ತಿರುಳಿನ ತರಗತಿ ಮಾಡುವುದನ್ನು ಹೆಂಗಸರಿಗೆ ಕಲಿಸಬೇಕು.

"ಪುತ್ತೂರಿನ ಹೆಂಗಸರ ಕೆಲಸವನ್ನು ಇವರಿಗೆ ಕಲಿಸಿಕೊಡುವುದಾ ನೀನು?" ಎಂದಳು ಮನೆಯಾಕೆ. ಕೋಪದಲ್ಲಿ ಆಡಿದ ಮಾತು. ಆದರೆ ಅದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ನಮ್ಮ ಹತ್ತಿರವೂ ಇಲ್ಲ. ಬಹಳ ಹೊತ್ತು ಬಿಟ್ಟು, "ಇಲ್ಲಿಯ ಹಳ್ಳಿಯವರು ಐದು ವರ್ಷ ನನ್ನ ತಕ್ಕಡಿಯನ್ನು ನಂಬಿದರು, ಅಕ್ಕ" ಎಂದಷ್ಟೇ ಹೇಳಿದ.

ಆ ರಾತ್ರಿ ಆಕೆ ಊಟ ಮಾಡಲಿಲ್ಲ. ಮಾಮಾ ಮೇಲೆ ಬಂದು ಮಂಚದ ತುದಿಯಲ್ಲಿ ಕುಳಿತು, ಮೈದುನನ ಮೂಲಕ, "ನಿಮ್ಮ ತಾಯಿಗೆ ಗಂಡುಮಕ್ಕಳು ಎಷ್ಟು?" ಎಂದು ಕೇಳಿದಳು. ಒಬ್ಬನೇ ಎಂದಾಯಿತು. ತನ್ನ ಮಗ ಗಬೋನಿನಲ್ಲಿದ್ದಾನೆ, ಒಂಬತ್ತು ವರ್ಷವಾಯಿತು ಎಂದಳು. ಅಷ್ಟು ಹೇಳಿ ಸುಮ್ಮನಾದಳು. 'ಸಾ ವಾ ಅಲೇ' ಎಂದಾಳೆಂದು ನಾವು ಕಾದೆವು. ಆವತ್ತು ಮಾತ್ರ ಆಕೆ ಆ ಮಾತನ್ನು ಆಡಲಿಲ್ಲ.

ಒಂಬತ್ತನೆಯ ಬೆಳಿಗ್ಗೆ ಮೈದುನ ಲೆಕ್ಕ ಕೊಟ್ಟ. ಮಾಮಾ ನೋಟುಬುಕ್ಕು ತೆರೆದು ನಮ್ಮ ಗೆರೆಯನ್ನು ಹೊಡೆದುಹಾಕಿದಳು. ಮೇಲಿನ ಗೆರೆ ಹಾಗೆಯೇ ಇತ್ತು. ಮುದುಕರು ಬಾಗಿಲವರೆಗೆ ಬಂದರು. ಮಾಮಾ ಒಂದು ಅನಾನಸು ಕೊಟ್ಟಳು. ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಇರುವ, ಸಕ್ಕರೆಯಂಥ ಜಾತಿ ಅದು. ಉಳಿದ ಅರ್ಧ ಡಬ್ಬಿ ಉಪ್ಪಿನಕಾಯಿಯನ್ನು ತಮ್ಮನ ಕೈಗೆ ಕೊಡುವಾಗ ಮನೆಯಾಕೆ "ಅಮ್ಮನಿಗೆ ನೀನೇ ಫೋನು ಮಾಡಿ ಹೇಳು, ನಾನು ಹೇಳುವುದಿಲ್ಲ" ಎಂದಳು. ಅವನು ವಿಮಾನ ನಿಲ್ದಾಣದ ಹೊರಗೆ ನಿಂತೇ ಫೋನು ಮಾಡಿದ. ಮಾತು ನಮಗೆ ಕೇಳಿಸಲಿಲ್ಲ. ಗಾಜಿನ ಆಚೆ, ಒಂದು ಕಂಕುಳಲ್ಲಿ ಡಬ್ಬಿ ಇರುಕಿಕೊಂಡು, ತಲೆ ತಗ್ಗಿಸಿ ನಿಂತದ್ದು ಕಾಣಿಸುತ್ತಿತ್ತು.

ಆ ವರ್ಷದ ದೀಪಾವಳಿಗೆ ಬಂದ. ಹದಿನೆಂಟು ದಿನ ಇದ್ದು ಹೋದ. ಮಾಮಾನಿಗೆಂದು ಅತ್ತೆಯವರು ಹೊಸ ಮಿಡಿಯ ಒಂದು ಡಬ್ಬಿ ಕಟ್ಟಿಕೊಟ್ಟರು.