ಹುಲ್ಲಿನ ಮೇಲೆ ಇಳಿಯುವ ವಿಮಾನ

“ನಿಮ್ಮ ತೂಕ ಎಷ್ಟು ಸರ್?”

ಎಪ್ಪತ್ತು ದಾಟಿದವರನ್ನು ಹೀಗೆ ಕೇಳುವವರು ಸಾಮಾನ್ಯವಾಗಿ ಡಾಕ್ಟರು. ಆದರೆ ಆ ಬೆಳಿಗ್ಗೆ ಕೇಳಿದ್ದು ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ. ನಾನು ಒಂದು ಗಳಿಗೆ ತಡೆದು, “ಅರವತ್ತನಾಲ್ಕು ಕಿಲೋ” ಅಂದೆ. ಅವಳು ಬರೆದುಕೊಂಡಳು. ಪಕ್ಕದಲ್ಲಿದ್ದ ಮೊಮ್ಮಗ ನನ್ನ ಮುಖ ನೋಡಿದ. ಹಿಂದಿನ ವಾರವಷ್ಟೇ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, 71 ಎಂದು ಓದಿ ಹೇಳಿದವನು ಅವನೇ. 64 ಎನ್ನುವುದು ನಾನು ನಿವೃತ್ತನಾದ ವರ್ಷದ ತೂಕ!

ಇದು ನಡೆದದ್ದು ಕರ್ಕ್‌ವಾಲ್ ಎಂಬ ಊರಿನಲ್ಲಿ. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಸಮುದ್ರದಲ್ಲಿ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಸುಮಾರು ಎಪ್ಪತ್ತು ದ್ವೀಪಗಳು. ಜನವಸತಿ ಇರುವುದು ಇಪ್ಪತ್ತರಲ್ಲಿ ಮಾತ್ರ. ಅವುಗಳಿಗೆಲ್ಲ ಕರ್ಕ್‌ವಾಲ್ ತಾಲ್ಲೂಕು ಕೇಂದ್ರ ಇದ್ದ ಹಾಗೆ. ಅಬರ್ಡೀನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಮೊಮ್ಮಗನ ಬೇಸಿಗೆ ರಜೆಯಲ್ಲಿ ನಾವಿಬ್ಬರೇ ಅಲ್ಲಿಗೆ ಹೊರಟಿದ್ದೆವು. ಅವನಿಗೆ ವಿಮಾನದ ಹುಚ್ಚು. ಜಗತ್ತಿನ ಅತ್ಯಂತ ಚಿಕ್ಕ ವಿಮಾನ ಪ್ರಯಾಣ ಅಲ್ಲಿದೆ. ವೆಸ್ಟ್ರೆ ದ್ವೀಪದಿಂದ ಪಾಪಾ ವೆಸ್ಟ್ರೆ ದ್ವೀಪಕ್ಕೆ 2.7 ಕಿಲೋಮೀಟರ್. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ ಒಂದು ರನ್‌ವೇಯ ಉದ್ದವೇ 4 ಕಿಲೋಮೀಟರ್! ಟೈಮ್‌ಟೇಬಲ್ಲಿನಲ್ಲಿ ಈ ಪ್ರಯಾಣಕ್ಕೆ 2 ನಿಮಿಷ. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡಿನಲ್ಲಿ ಮುಟ್ಟಿದ್ದೂ ಉಂಟು.

ಕಿಟಕಿಯಾಚೆ ನಮ್ಮ ವಿಮಾನ ನಿಂತಿತ್ತು. ಹೆಸರು ಐಲ್ಯಾಂಡರ್. ನಮ್ಮೂರ ಮ್ಯಾಟಡೋರ್ ವ್ಯಾನಿಗೆ ರೆಕ್ಕೆ ಕಟ್ಟಿದಂತೆ ಚೌಕಾಕಾರದ ಮೈ. ಮೊಮ್ಮಗನ ಮುಖ ಸಣ್ಣದಾಯಿತು.

“ಅಜ್ಜಾ, ಇದೇನು ಇಷ್ಟು ಹಳೇದು? ನಾನಾಗಿದ್ದರೆ ಇದನ್ನು ಕೊಳ್ಳುತ್ತಿದ್ದೆ,” ಎಂದು ತನ್ನ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡಿದ್ದ ಒಂದು ಚಿತ್ರ ತೋರಿಸಿದ. ಬೀಚ್‌ಕ್ರಾಫ್ಟ್ ಬ್ಯಾರನ್. ಅದಕ್ಕೂ ಎರಡು ಎಂಜಿನ್. ಚೂಪು ಮೂತಿ, ಹಾರುವಾಗ ಹೊಟ್ಟೆಯೊಳಗೆ ಮಡಚಿಕೊಳ್ಳುವ ಚಕ್ರ, ಐಲ್ಯಾಂಡರಿಗಿಂತ ಬಹಳ ವೇಗ.

ವಿಮಾನ ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. “ಬಾ, ಸಾಲದ ಅರ್ಜಿ ನೋಡಿದ ಹಾಗೆ ನೋಡೋಣ,” ಅಂದೆ. ಬ್ಯಾಂಕಿನಲ್ಲಿ ಟ್ರ್ಯಾಕ್ಟರ್ ಸಾಲಕ್ಕೆ ಬಂದ ರೈತನನ್ನು ನಾವು ಮೊದಲು ಕೇಳುತ್ತಿದ್ದುದು ಟ್ರ್ಯಾಕ್ಟರಿನ ಬಣ್ಣವನ್ನಲ್ಲ. ಗದ್ದೆ ಎಷ್ಟು, ನೆಲ ಎಂಥದು, ದಾರಿ ಹೇಗಿದೆ ಎಂದು.

ಇಲ್ಲಿಯ ನೆಲ ಹುಲ್ಲು. ಇಲ್ಲಿ ಈಗಿನ ವಿಮಾನ ಸೇವೆ ಶುರುವಾದದ್ದು 1967ರಲ್ಲಿ. ಆಗ ಈ ಸಣ್ಣ ದ್ವೀಪಗಳಲ್ಲಿ ವಿಮಾನ ಇಳಿಯುತ್ತಿದ್ದುದು ದನ, ಕುರಿ ಮೇಯುವ ಬಯಲುಗಳ ಪಕ್ಕದ ಹುಲ್ಲಿನ ಪಟ್ಟಿಗಳಲ್ಲಿ. ಈಗ ಮುಖ್ಯ ಪಟ್ಟಿಗೆ ಜಲ್ಲಿ ಹಾಕಿ ಗಟ್ಟಿ ಮಾಡಿದ್ದಾರೆ. ಅಡ್ಡ ಗಾಳಿ ಬೀಸಿದಾಗ ಬಳಸುವ ಬೇರೆ ದಿಕ್ಕಿನ ಪಟ್ಟಿಗಳು ಇಂದಿಗೂ ಹುಲ್ಲಿನವೇ. ಅಂಥ ಕಡೆ ಮಡಚುವ ಚಕ್ರ ಎಂದರೆ ಕೆಡುವುದಕ್ಕೆ ಇನ್ನೊಂದು ಯಂತ್ರ. ಐಲ್ಯಾಂಡರಿನ ಕಾಲುಗಳು ಮಡಚುವುದಿಲ್ಲ. ಮುಖ್ಯ ಕಾಲು ಒಂದೊಂದಕ್ಕೂ ಜೋಡಿ ಚಕ್ರ. ಭಾರ ಹಂಚಿಹೋಗಿ ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುವುದು ಕಡಿಮೆ. ರೆಕ್ಕೆ ತಲೆಯ ಮೇಲೆ, ಎಂಜಿನ್ ರೆಕ್ಕೆಯ ಕೆಳಗೆ. ಹುಲ್ಲು, ಕಲ್ಲು, ಬೇಲಿಗಳಿಂದ ರೆಕ್ಕೆ ದೂರ. ಬ್ಯಾರನ್ನಿನ ರೆಕ್ಕೆ ತಗ್ಗಿನಲ್ಲಿದೆ. ಡಾಂಬರಿನ ಉದ್ದ ರನ್‌ವೇಯಲ್ಲಿ ಅದು ರಾಜ; ಇಲ್ಲಿ ಅದಕ್ಕೆ ಬರಿಗಾಲಿನಲ್ಲಿ ಮುಳ್ಳು ತುಳಿದ ಪಾಡು.

“ಹಾಗಾದರೆ ಟ್ವಿನ್ ಆಟರ್?” ಎಂದ. ಒಳ್ಳೆಯ ಪ್ರಶ್ನೆ. ಸ್ಕಾಟ್ಲೆಂಡಿನದೇ ಬಾರಾ ದ್ವೀಪದಲ್ಲಿ ಅದು ಸಮುದ್ರದ ದಂಡೆಯ ಮರಳಿನ ಮೇಲೇ ಇಳಿಯುತ್ತದೆ. ಆದರೆ ಅದರಲ್ಲಿ 19 ಸೀಟು. ಪಾಪಾ ವೆಸ್ಟ್ರೆಯ ಇಡೀ ಜನಸಂಖ್ಯೆ ನೂರರ ಒಳಗೆ. ನಾಲ್ಕು ಜನಕ್ಕೆ ಮದುವೆ ಮನೆಯ ಕೊಪ್ಪರಿಗೆಯಲ್ಲಿ ಅನ್ನ ಮಾಡುತ್ತಾರೆಯೇ?

“ಎರಡು ಎಂಜಿನ್ ಯಾಕೆ ಬೇಕು? ಒಂದು ಸಾಲದೇ?”

ನಡುವೆ ತಣ್ಣನೆಯ ಸಮುದ್ರ ಇದೆಯಲ್ಲ, ಅದಕ್ಕೆ. ಒಂದು ನಿಂತರೆ ಇನ್ನೊಂದು ದಡ ಮುಟ್ಟಿಸಬೇಕು. ಆದರೆ ಒಂದು ನಿಂತರೆ ವಿಮಾನದ ಏರುವ ಶಕ್ತಿ ಅರ್ಧ ಆಗುತ್ತದೆ ಎಂದುಕೊಳ್ಳಬೇಡಿ ಮಕ್ಕಳೇ, ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ. ಅಪ್ಪ, ಅಮ್ಮ ಇಬ್ಬರಿಗೂ ತಿಂಗಳಿಗೆ ಹತ್ತು ಹತ್ತು ಸಾವಿರ ಸಂಬಳ, ಮನೆಯ ಖರ್ಚು ಒಂಬತ್ತು ಸಾವಿರ ಎನ್ನಿ. ಉಳಿತಾಯ ಹನ್ನೊಂದು ಸಾವಿರ. ಒಬ್ಬರ ಸಂಬಳ ನಿಂತರೆ ಉಳಿತಾಯ ಐದೂವರೆ ಸಾವಿರವೇ? ಅಲ್ಲ, ಒಂದೇ ಸಾವಿರ. ವಿಮಾನಕ್ಕೂ ಹಾಗೆ. ಬೀಳದೆ ಹಾರುತ್ತಿರುವುದಕ್ಕೇ ಬಹಳಷ್ಟು ಶಕ್ತಿ ಖರ್ಚಾಗುತ್ತದೆ. ಮಿಕ್ಕದ್ದರಲ್ಲಿ ಮಾತ್ರ ಅದು ಮೇಲೇರಬೇಕು.

ಹೀಗೆ ಹೇಳುತ್ತಲೇ ಅವನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ಪೂರ್ತಿ ಭಾರ ಹೊತ್ತ ಐಲ್ಯಾಂಡರ್ ಗಟ್ಟಿ ನೆಲದಲ್ಲಿ ಓಡಿ ಐವತ್ತು ಅಡಿ ಎತ್ತರಕ್ಕೇರಲು ಸುಮಾರು 370 ಮೀಟರ್ ಬೇಕು. ಒಣ ಹುಲ್ಲಾದರೆ ನೂರಕ್ಕೆ ಇಪ್ಪತ್ತು ಸೇರಿಸು ಎನ್ನುತ್ತದೆ ಬ್ರಿಟನ್ನಿನ ಪೈಲಟರು ನೋಡುವ ಸುರಕ್ಷತೆಯ ಲೆಕ್ಕ. ಅಂದರೆ 444. ಒದ್ದೆ ಹುಲ್ಲಾದರೆ ನೂರಕ್ಕೆ ಮೂವತ್ತು. ಅಂದರೆ 481. ಬಯಲಿನ ಉದ್ದ 500 ಮೀಟರ್ ಇದ್ದರೆ ಉಳಿದದ್ದು 19 ಮೀಟರ್.

“ತೂಕ ಹೆಚ್ಚಾದರೆ?” ಎಂದು ಕೇಳಿದ.

ತೂಕ ನೂರಕ್ಕೆ ಹತ್ತು ಹೆಚ್ಚಾದರೆ ದೂರ ನೂರಕ್ಕೆ ಇಪ್ಪತ್ತು ಹೆಚ್ಚುತ್ತದೆ. ಪೆನ್ಸಿಲ್ ಹಿಡಿದು ಅವನೇ ಗುಣಿಸಿದ. 577. ಬಯಲು ಮುಗಿದೇಹೋಗಿತ್ತು.

ಐಲ್ಯಾಂಡರಿನ ಒಟ್ಟು ಭಾರ ಮೂರು ಸಾವಿರ ಕಿಲೋ ಆಸುಪಾಸು. ಅದರಲ್ಲಿ ನೂರಕ್ಕೆ ಹತ್ತು ಎಂದರೆ ಮುನ್ನೂರು ಕಿಲೋ. ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದ: “ಅಜ್ಜಾ, ಎಂಟು ಜನ ಪ್ರಯಾಣಿಕರೂ ಏಳೇಳು ಕಿಲೋ ಕಡಿಮೆ ಹೇಳಿದರೆ ಎಷ್ಟಾಗುತ್ತದೆ?”

ಐವತ್ತಾರು ಕಿಲೋ. ಲೆಕ್ಕದ ಪುಸ್ತಕದಲ್ಲಿಲ್ಲದ ಒಬ್ಬ ಪ್ರಯಾಣಿಕ.

ಮೂವತ್ತೈದು ವರ್ಷ ಬ್ಯಾಂಕಿನ ಲೆಡ್ಜರು ಬರೆದವನು ನಾನು. ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕುಳಿತು ಹುಡುಕಿದವನು. ಕೌಂಟರಿಗೆ ಹೋಗಿ, “ಕ್ಷಮಿಸಮ್ಮ, 64 ಅಲ್ಲ, 71” ಅಂದೆ. ಅವಳು ನಗಲಿಲ್ಲ, ಹುಬ್ಬೇರಿಸಲೂ ಇಲ್ಲ. ಒಂದು ಗೆರೆ ಎಳೆದು ತಿದ್ದಿ, “ಥ್ಯಾಂಕ್ಯೂ” ಎಂದಳು. ನಾಚಿಕೆಯಾದದ್ದು ನನಗೆ.

ಐಲ್ಯಾಂಡರಿನ ಒಳಗೆ ನಡೆದಾಡಲು ದಾರಿ ಇಲ್ಲ. ಕಾರಿನ ಹಾಗೆ ಪಕ್ಕದ ಬಾಗಿಲಿನಿಂದ ಹತ್ತಬೇಕು. ಮೊಮ್ಮಗನಿಗೆ ಪೈಲಟರ ಬೆನ್ನ ಹಿಂದಿನ ಸೀಟು ಸಿಕ್ಕಿತು. ಎಂಜಿನ್ನುಗಳ ಸದ್ದಿಗೆ ಮಾತೇ ಕೇಳಿಸದು. ಸುಮಾರು ಕಾಲು ಗಂಟೆಯಲ್ಲಿ ವೆಸ್ಟ್ರೆ. ಅಲ್ಲಿಂದ ಮತ್ತೆ ಮೇಲೆದ್ದು, ನೀಲಿ ನೀರಿನ ಪಟ್ಟಿಯೊಂದನ್ನು ದಾಟುವಷ್ಟರಲ್ಲಿ ಮೂತಿ ಕೆಳಗಾಯಿತು. ಮೊಮ್ಮಗ ಗಡಿಯಾರ ನೋಡುತ್ತಿದ್ದ. ಒಂದು ನಿಮಿಷ ನಲವತ್ತು ಸೆಕೆಂಡು!

ಪಾಪಾ ವೆಸ್ಟ್ರೆಯಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಎರಡು ಕಲ್ಲಿನ ಮನೆಗಳಿವೆ. ಹೆಸರು ನ್ಯಾಪ್ ಆಫ್ ಹೊವರ್. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ಅವುಗಳ ತಗ್ಗು ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋಗಿ ಕುಳಿತೆವು. ಅಷ್ಟು ಕಾಲದಿಂದ ಜನ ಬಾಳಿದ ಈ ದ್ವೀಪದಲ್ಲಿ ಇಂದಿಗೂ ಜನ ಉಳಿದಿರುವುದಕ್ಕೆ ದೋಣಿಯ ಜೊತೆಗೆ ಆ ಚೌಕ ವಿಮಾನವೂ ಕಾರಣ. ಡಾಕ್ಟರು, ಮೇಷ್ಟ್ರು, ರೋಗಿಗಳು, ಅಂಚೆ, ಎಲ್ಲಕ್ಕೂ ಅದೇ. ನನಗೆ ಹೆಚ್ಚು ಖುಷಿ ಕೊಟ್ಟ ಸಂಗತಿ ಇನ್ನೊಂದು. ಈ ದ್ವೀಪಗಳಿಗೆ ಬ್ಯಾಂಕಿನ ಸಿಬ್ಬಂದಿಯೊಬ್ಬರು ಚೀಲ ಹಿಡಿದು ವಿಮಾನದಲ್ಲಿ ಬಂದು, ಜನರ ಹಣದ ವ್ಯವಹಾರ ನೋಡಿ ಹೋಗುತ್ತಿದ್ದರಂತೆ. ‘ಹಾರುವ ಬ್ಯಾಂಕರ್’ ಎಂದೇ ಅವರಿಗೆ ಹೆಸರು. ನಾನು ವರ್ಗವಾಗಿ ಹೋದ ಹಳ್ಳಿಯ ಶಾಖೆಗೆ ಮಳೆಗಾಲದಲ್ಲಿ ಹೊಳೆ ದಾಟಿ ಹೋಗುತ್ತಿದ್ದುದು ನೆನಪಾಯಿತು.

ಐಲ್ಯಾಂಡರನ್ನು ರೂಪಿಸಿದವರು ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್, ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದಲ್ಲಿ. ಮೊದಲು ಹಾರಿದ್ದು 1965ರಲ್ಲಿ. ನಮ್ಮ ಭಾರತೀಯ ನೌಕಾಪಡೆಯೂ ಬಹಳ ವರ್ಷ ಅದನ್ನು ಬಳಸಿದೆ ಎಂದು ಹೇಳಿದಾಗ ಮೊಮ್ಮಗನ ಕಣ್ಣು ಅರಳಿತು.

ರಾತ್ರಿ ಅವನು ನೋಟ್‌ಬುಕ್ಕು ತೆರೆದು ಕುಳಿತ. ಬ್ಯಾರನ್ನಿನ ಚಿತ್ರ ಕೀಳಲಿಲ್ಲ. ಅದರ ಕೆಳಗೆ ‘ಉದ್ದ ರನ್‌ವೇಗೆ’ ಎಂದು ಬರೆದ. ಎದುರು ಪುಟದಲ್ಲಿ ಐಲ್ಯಾಂಡರ್ ಬಿಡಿಸಿ, ‘ಹುಲ್ಲಿಗೆ’ ಎಂದ. ಕಿಟಕಿಗಳಲ್ಲಿ ಎಂಟು ತಲೆ. ಒಂದು ತಲೆಗೆ ಕನ್ನಡಕ ಹಾಕಿ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದ: ‘ಅಜ್ಜ, 71 ಕಿಲೋ.’