ಬಂದೂಕಿನ ಒದೆ

ಬಂದೂಕಿನ ಒದೆಯನ್ನು ತೋಳ್ಬಲದಿಂದ ಗೆಲ್ಲಬಹುದೆಂದು ನಮ್ಮ ಮಮದಾಪುರದ ತರುಣರು ಎಣಿಸುವುದುಂಟು. ಒದೆ ಬೀಳುವುದು ಭುಜಕ್ಕಾದರೂ ಕೆಡುವುದು ಮನಸ್ಸು. ಗುಂಡು ನಳಿಗೆಯನ್ನು ಬಿಟ್ಟ ಮೇಲೆಯೇ ಪೆಟ್ಟಿನ ಬಹುಭಾಗವು ನಮಗೆ ತಾಗುತ್ತದೆ. ಗುರಿಯನ್ನು ಕೆಡಿಸುವುದು ಅದಕ್ಕೂ ಮುಂಚಿನ ಬೆದರು. ಕೌಟಿಲ್ಯನು ಮೃಗಯೆಯನ್ನು ವ್ಯಸನಗಳಲ್ಲಿ ಎಣಿಸಿಯೂ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವು ಅದರಿಂದಾಗುವುದೆಂದು ಒಪ್ಪಿದ್ದಾನೆ. ಆದರೆ ಅವನ ಕಾಲದ ಬಿಲ್ಲು ಒದೆಯುತ್ತಿರಲಿಲ್ಲ!

ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (೧೯೧೦–೧೯೭೪) ಹಿಡಿದುದು ೪೦೫ ಬೋರಿನ ವಿಂಚೆಸ್ಟರ್. ಸಿಪಾಯಿಗಳ ೩೦೩ ರೈಫಲಿನ ಗುಂಡು ಸುಮಾರು ೧೧ ಗ್ರಾಂ, ಇದರದು ೧೯. ಬಂದೂಕುಗಳ ತೂಕವಾದರೋ ಹೆಚ್ಚುಕಡಮೆ ಒಂದೇ, ೪ ಕಿಲೋ. ಅಂಥದನ್ನು ಬೆದರಿ ಹಾರಿಸಿದರೆ ಮೃಗವು ಸಾಯದೆ ಗಾಯಗೊಳ್ಳುತ್ತದೆ. ಯಾರದೋ ಗುಂಡಿನಿಂದ ಕುಂಟಾದ ಹುಲಿಯೇ ಮುಂದೆ ದನಗಾಹಿಯನ್ನು ಹಿಡಿದ ಸಂಗತಿಗಳು ಆತನ ಬರೆಹಗಳಲ್ಲಿವೆ.

ಉಪಾಯವುಂಟು. ಬಂದೂಕಿನ ಹಿಂಬದಿಯನ್ನು ಭುಜದ ಕುಳಿಗೆ ಬಿಗಿಯಾಗಿ ಒತ್ತಿ, ಎಡಗಾಲನ್ನು ಮುಂದಿಟ್ಟು, ಮೈಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಕುದುರೆಯನ್ನು ಜಗ್ಗದೆ ಮೆಲ್ಲನೆ ಒತ್ತಬೇಕು. ಗೆಳೆಯನೊಬ್ಬನು ನಮಗೆ ತಿಳಿಯದಂತೆ ನಡುನಡುವೆ ಮದ್ದಿಲ್ಲದ ಹುಸಿ ತೋಟಾ ತುಂಬಿಕೊಟ್ಟರೆ ಬೆದರು ಬಯಲಾಗುತ್ತದೆ: ಒದೆಯೇ ಇಲ್ಲದಿದ್ದರೂ ನಳಿಗೆಯ ತುದಿ ಕುಸಿಯುತ್ತದೆ.

೧೯೭೨ರ ಕಾಯಿದೆಯ ತರುವಾಯ ಹುಲಿಬೇಟೆ ನಿಂತಿತು. ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹಾರಿಸುವುದು ಉಳಿದಿದೆ. ಅಲ್ಲಿ ಕೈ ಬೆದರಿದರೆ ಕಾಯಿ ಉಳಿಯುತ್ತದೆ, ಅಷ್ಟೆ.