ಹೆತ್ತ ಕರುಳು

ದತ್ತು ತೆಗೆದುಕೊಂಡ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಕಾಚಿಗುಡದ ನಮ್ಮ ಮನೆಯ ತುಂಬ ನೆಂಟರು. ರಾಯಚೂರಿನಿಂದ ಬಂದಿದ್ದ ಸೋದರತ್ತೆ ಮಗುವಿನ ಗಲ್ಲ ಸವರಿ, “ಕೂಸು ಛಂದ ಅದ. ಆದ್ರೂ ಹೆತ್ತ ಕರುಳೇ ಬ್ಯಾರೆ ಬಿಡು” ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ಅಡಿಗೆಮನೆಗೆ ಹೋದ ನನ್ನಾಕೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಎರಡು ವರ್ಷದ ಹಿಂದೆ ಅವಳ ಗರ್ಭಕೋಶವನ್ನು ತೆಗೆಸಬೇಕಾಗಿ ಬಂದಿತ್ತು. “ಇಲ್ಲದ್ದನ್ನ ಎಲ್ಲಿಂದ ತರಲಿ?” ಎಂದು ಆ ರಾತ್ರಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕರುಳು ಅನ್ನ ಅರಗಿಸುವ ಅಂಗ. ಮಮತೆಗೂ ನಾವು ಅದೇ ಹೆಸರನ್ನಿಟ್ಟಿದ್ದೇವೆ. ತೆಲುಗಿನವರು ತಾಯಿಯ ಮೋಹವನ್ನು ‘ಕಡುಪು ತೀಪಿ’, ಹೊಟ್ಟೆಯ ಸಿಹಿ, ಎನ್ನುತ್ತಾರೆ. ಈ ಊರಿನಲ್ಲಿ ಸಂಕಟಕ್ಕೂ ಮೂರು ಭಾಷೆ! ಮೂರನೆಯದನ್ನು ತಿಳಿಸಿದವರು ನೆರೆಮನೆಯ ಉರ್ದು ಮೇಷ್ಟ್ರು. “ರಹಮ್ ಕರೋ” ಎಂದು ಬೀದಿಯಲ್ಲಿ ಕೇಳುತ್ತೇವಲ್ಲ, ಆ ದಯೆಯ ಮಾತೂ ಗರ್ಭಕೋಶಕ್ಕೆ ಅರಬ್ಬಿಯಲ್ಲಿರುವ ‘ರಹಿಮ್’ ಎಂಬ ಹೆಸರೂ ಒಂದೇ ಧಾತುವಿನವಂತೆ. 1956ರ ತನಕ ರಾಯಚೂರೂ ಹೈದರಾಬಾದ್ ರಾಜ್ಯದ್ದೇ. ಉರ್ದು ನಮ್ಮ ಮನೆಗೆ ಹೊಸದಲ್ಲ. ಆದರೂ ಇದು ನನಗೆ ತಿಳಿದಿರಲಿಲ್ಲ. ಅರಬ್ಬಿಯ ಸೋದರಭಾಷೆಯಾದ ಹೀಬ್ರೂವಿನಲ್ಲಿಯೂ ಹಾಗೆಯೇ: ‘ರೆಹೆಮ್’ ಎಂದರೆ ಗರ್ಭಕೋಶ, ಅದೇ ಮೂರು ವ್ಯಂಜನಗಳ ‘ರಹಮೀಮ್’ ಎಂದರೆ ಕರುಣೆ.

ಸಂಭ್ರಮದಿಂದ ಮನೆಯಲ್ಲಿ ಹೇಳಿದೆ. “ಇದೂ ಅತ್ತೆಯವರ ಮಾತೇ ಆತಲ್ಲರೀ” ಎಂದಳು.

ನಿಜವೇ. ಪಂಡಿತನಂತೆ ಬೀಗಿದ್ದವನು ಸುಮ್ಮನಾದೆ. ಆದರೂ ಆ ಪದ ಎಲ್ಲೆಲ್ಲಿ ಬರುತ್ತದೆಂದು ಬೈಬಲ್ಲಿನಲ್ಲಿ ಹುಡುಕುತ್ತ ಹೋದೆ. 103ನೆಯ ಕೀರ್ತನೆಯಲ್ಲಿ ತಂದೆ ಮಕ್ಕಳಿಗೆ ತೋರುವ ಕರುಣೆಗೆ ಅದೇ ಧಾತು. ತಂದೆಗೆಲ್ಲಿಯ ಗರ್ಭಕೋಶ? ದಾನಿಯೇಲನ ಕಥೆಯಲ್ಲಂತೂ ಇನ್ನೂ ಸೋಜಿಗ. ಜೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಳಾಗಿ ಒಯ್ದ ಹುಡುಗ ಅವನು. ಅವನ ಮೇಲೆ ‘ರಹಮೀಮ್’ ಹುಟ್ಟಿದ್ದು ಯಾರಿಗೆ? ಅರಮನೆಯ ಕಂಚುಕಿಗಳ ಮುಖ್ಯಸ್ಥನಿಗೆ! ಹೆತ್ತ ಒಡಲಿಲ್ಲ, ರಕ್ತಸಂಬಂಧವಿಲ್ಲ, ಹುಡುಗನ ನಾಡೂ ಬೇರೆ. ಪದ ಮಾತ್ರ ಅದೇ.

ಇದನ್ನು ಹೇಳುವ ಹೊತ್ತಿಗೆ ಮಗು ಅನ್ನ ಉಣ್ಣುವಷ್ಟಾಗಿತ್ತು. ನನ್ನಾಕೆ ಗಮನವಿಟ್ಟು ಕೇಳಿದಳು. ಪದದ ವಿಚಾರ ಎತ್ತಲೇ ಇಲ್ಲ.

“ಆ ಹುಡುಗರಿಗೆ ಉಣ್ಣಲಿಕ್ಕೆ ಏನು ಕೊಟ್ರಂತ?”

“ಬರೀ ಕಾಯಿಪಲ್ಯ, ನೀರು. ಅವರೇ ಕೇಳಿಕೊಂಡದ್ದು.”

“ಅಯ್ಯ, ಬೆಳೆಯೋ ಹುಡುಗರು!” ಎಂದು, ಮಗಳಿಗೆ ತುಪ್ಪದನ್ನ ಕಲಸಲು ಎದ್ದಳು.